ಕಾಲರ್‌ಗೆ ಶಹಬ್ಬಾಸ್, ಬೆನ್ನಿಗೆ ತಕರಾರು: ಅಮೆರಿಕದ ಹಳೆಯ ಸಾಕರ್ ಜೆರ್ಸಿಗಳ ಆನ್‌ಲೈನ್ ಅಂಗಡಿ

ಮುಚ್ಚಿಹೋದ ಫುಟ್‌ಬಾಲ್ ಕ್ಲಬ್‌ಗಳ ಜೆರ್ಸಿಗಳನ್ನು ಹಳೆಯ ಮಾದರಿಯಲ್ಲೇ ಹೊಲಿದು ಮಾರುವ ಆನ್‌ಲೈನ್ ಅಂಗಡಿಯೊಂದರಿಂದ ಈ ಮಳೆಗಾಲದಲ್ಲಿ ನಮ್ಮ ಮನೆಗೆ ಮೂರು ಜೆರ್ಸಿ ತರಿಸಿದೆವು. ಮೂರೂ ಅಮೆರಿಕದವು. ಅಂಗಡಿಯ ಹೆಸರು ಬರೆಯುವುದಿಲ್ಲ. ನನ್ನದೂ ಬೆಳಗಾವಿಯಲ್ಲಿ ಇದೇ ಧಂದೆ. ಶಾಲೆಯ ತಂಡಗಳಿಗೆ, ಗಲ್ಲಿಯ ಮಂಡಳಗಳಿಗೆ ಜೆರ್ಸಿ ಹೊಲಿದು ನಂಬರ್ ಹಾಕಿಕೊಡುತ್ತೇನೆ. ಹೆಸರು ಹಿಡಿದು ಬೈದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹೊಗಳಿದರೆ ಕಮಿಷನ್ ಎಷ್ಟು ಸಿಕ್ಕಿತು ಎಂದು ಕೇಳುತ್ತಾರೆ. ಎರಡೂ ಬೇಡ. ಇಂಥ ಅಂಗಡಿಗಳು ಈಗ ಹಲವಾರಿವೆ. ದುಡ್ಡು ಕಟ್ಟುವ ಮೊದಲು ಏನೇನು ನೋಡಬೇಕು ಎನ್ನುವುದಕ್ಕೆ ಈ ಬರಹ ಸಾಕು.

ಕೊಂಡದ್ದು ನನಗಾಗಿ ಅಲ್ಲ, ಕಾಕಾನಿಗಾಗಿ. ಕಾಕಾ 1976ರಲ್ಲಿ ಎಂಜಿನಿಯರಿಂಗ್ ಕೆಲಸಕ್ಕೆಂದು ನ್ಯೂಜೆರ್ಸಿಗೆ ಹೋದವನು, ನಿವೃತ್ತಿಯಾದ ಮೇಲೆ ಟಿಳಕವಾಡಿಗೆ ಮರಳಿದವನು. ಬೇರೆಯವರು ಅಮೆರಿಕದಿಂದ ಬಂದರೆ ರಸ್ತೆ, ಸ್ವಚ್ಛತೆ, ಡಾಲರ್ ಎನ್ನುತ್ತಾರೆ. ಕಾಕಾನ ಬಾಯಲ್ಲಿ ಮಾತ್ರ ನ್ಯೂಯಾರ್ಕ್ ಕಾಸ್ಮಾಸ್ ಎಂಬ ಫುಟ್‌ಬಾಲ್ ತಂಡ ಬಿಟ್ಟು ಬೇರೆ ಇಲ್ಲ. ಸಂಜೆ ಲೇಲೆ ಮೈದಾನದ ಅಂಚಿನಲ್ಲಿ ಹುಡುಗರ ಆಟ ನೋಡುತ್ತ ಕೂರುವ ಹಿರಿಯರ ಗುಂಪೊಂದಿದೆ. ಗೋವಾದ ಡೆಂಪೊ, ಸಾಲ್ಗಾಂವ್ಕರ್ ತಂಡಗಳ ಕಾಲದಿಂದ ಫುಟ್‌ಬಾಲ್ ಉಸಿರಾಡಿದವರು. ಅವರ ನಡುವೆ ಕಾಕಾನ ಅಮೆರಿಕದ ಕಥೆಗಳಿಗೆ ಮೊದಮೊದಲು ಕಿಮ್ಮತ್ತೇ ಇರಲಿಲ್ಲ. "ಅಮೆರಿಕದವರಿಗೆ ಫುಟ್‌ಬಾಲ್ ಏನು ಗೊತ್ತು?" ಎಂದು ಒಬ್ಬರು ಶುರು ಮಾಡಿದರೆ ಮುಗಿಯಿತು, ಕತ್ತಲಾಗುವವರೆಗೆ ವಾದ. ಎಪ್ಪತ್ತೈದು ತುಂಬುವ ಹೊತ್ತಿಗೆ ಕಾಕಾನಿಗೆ ಸಾಕ್ಷ್ಯ ಒದಗಿಸಬೇಕು ಎಂದು ನನ್ನ ಮಗ ಹಟ ಹಿಡಿದ. ಹಾಗಾಗಿ ಈ ಖರೀದಿ.

ಮೊದಲನೆಯದು ಕಾಸ್ಮಾಸ್‌ನ 1977ರ ಬಿಳಿ ಜೆರ್ಸಿ. ಎಲ್ಲರೂ ಪೆಲೆಯ ಹತ್ತನೇ ನಂಬರ್ ಕೇಳುತ್ತಾರೆ. ಕಾಕಾ ಕೇಳಿದ್ದು ಒಂಬತ್ತು: ಜಾರ್ಜಿಯೊ ಕಿನಾಲಿಯಾ. ಇಟಲಿಯ ಲಾಜಿಯೊ ತಂಡ 1974ರಲ್ಲಿ ಲೀಗ್ ಗೆಲ್ಲಲು ಕಾರಣನಾದ ಈ ಆಟಗಾರ, ಕಾಕಾ ಅಲ್ಲಿ ಇಳಿದ ವರ್ಷವೇ ಕಾಸ್ಮಾಸ್ ಸೇರಿದ್ದ. ಕಾಸ್ಮಾಸ್ ಆಡುತ್ತಿದ್ದ ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನ ಇತಿಹಾಸದಲ್ಲಿ ಅತಿ ಹೆಚ್ಚು ಗೋಲು ಅವನದೇ, 213 ಪಂದ್ಯಗಳಲ್ಲಿ 193. ಆದರೂ ಸ್ವಂತ ಮೈದಾನದಲ್ಲೇ ಜನ ಅವನನ್ನು ಗೇಲಿ ಮಾಡಿ ಕೂಗುತ್ತಿದ್ದರು. ಕಾಕಾನಿಗೆ ಅವನು ಹಿಡಿಸಿದ್ದು ಅದಕ್ಕೇ. "ಪೆಲೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಇವನು ಬಂದರೆ ಅರ್ಧ ಜನ ಬೈಯುತ್ತಿದ್ದರು. ಗೋಲು ಹೊಡೆದು ಅವರ ಕಡೆ ತಿರುಗಿ ನೋಡುತ್ತಿದ್ದ, ಆ ನೋಟಕ್ಕೇ ಟಿಕೆಟ್ ದುಡ್ಡು ಸಂದಾಯ" ಎನ್ನುತ್ತಾನೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಪೊಟ್ಟಣ ಒಡೆದಾಗ ಮೊದಲು ಮುಟ್ಟಿದ್ದು ಕಾಲರ್. ಇಂದಿನ ಜೆರ್ಸಿಗಳಲ್ಲಿ ಕಾಲರ್ ಎಂದರೆ ಹೆಸರಿಗೆ ಒಂದು ಪಟ್ಟಿ. ಇಲ್ಲಿ ರಿಬ್ ದಪ್ಪಗಿದೆ, ಎಳೆದು ಬಿಟ್ಟರೆ ತಕ್ಷಣ ಮೂಲ ಅಳತೆಗೆ ಮರಳುತ್ತದೆ, ಕುತ್ತಿಗೆಯ ಹಿಂದೆ ಜೋಡಣೆಯ ಮೇಲೆ ಟೇಪ್ ಹಾಕಿ ಹೊಲಿದಿದ್ದಾರೆ. ಹೆಗಲಿನ ಜೋಡಣೆಯಲ್ಲಿ ಓವರ್‌ಲಾಕ್ ಮೇಲೆ ಇನ್ನೊಂದು ಹೊಲಿಗೆ ಓಡಿಸಿದ್ದಾರೆ. ಎಳೆಯ ತುದಿ ಎಲ್ಲಿಯೂ ಜೋತಾಡುತ್ತಿಲ್ಲ. ಬಟ್ಟೆ ಇಂಟರ್‌ಲಾಕ್ ನಿಟ್, ತೂಕವಿದೆ. ನಾವು ತಿರುಪ್ಪೂರಿನಿಂದ ತರಿಸುವ ಡಾಟ್ ನಿಟ್ ಇದರ ಮುಂದೆ ಕರವಸ್ತ್ರ. ಬೆಳಗಾವಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಿದೆ. ಬೇಸಿಗೆಯಲ್ಲಿ ಇದನ್ನು ಹಾಕಿಕೊಂಡು ಯಾರಾದರೂ ಓಡಿದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಓಡುವ ವಯಸ್ಸು ಕಾಕಾನದಲ್ಲ, ಆದ್ದರಿಂದ ದೂರಿಲ್ಲ.

ತೊಂದರೆ ಬೆನ್ನಿನಲ್ಲಿದೆ. ಜಾಹೀರಾತಿನ ಚಿತ್ರದಲ್ಲಿ ಟ್ವಿಲ್ ಬಟ್ಟೆಯಲ್ಲಿ ಕತ್ತರಿಸಿ, ಅಂಚಿಗೆ ಝಿಗ್‌ಜಾಗ್ ಹೊಲಿಗೆ ಹಾಕಿದ ಅಂಕಿ. ಬಂದದ್ದು ಹೀಟ್ ಪ್ರೆಸ್‌ನಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಅಂಕಿ ಹೋಗಲಿ, ಹೆಸರನ್ನು ನೋಡಬೇಕಿತ್ತು. ಕಿನಾಲಿಯಾನ ಹೆಸರಿಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಅದರಲ್ಲಿ ಎರಡು ಸಣಕಲು ಐ. ಸಣಕಲು ಅಕ್ಷರಕ್ಕೆ ಎರಡೂ ಕಡೆ ಜಾಗ ಕಡಿಮೆ ಬಿಡಬೇಕು, ಅಗಲದ ಅಕ್ಷರಗಳ ನಡುವೆ ಕಣ್ಣಳತೆಯಲ್ಲಿ ಹೊಂದಿಸಬೇಕು. ಕಂಪ್ಯೂಟರ್ ಕೊಟ್ಟ ಅಳತೆಯನ್ನೇ ನಂಬಿದರೆ ಹೆಸರು ಎರಡು ತುಂಡಾಗಿ ಕಾಣುತ್ತದೆ. ಇಲ್ಲಿ ಆದದ್ದು ಅದೇ. ಒಂದು ಹೆಗಲಿಗೆ ಒಂದು ಹೆಸರು, ಇನ್ನೊಂದು ಹೆಗಲಿಗೆ ಇನ್ನೊಂದು ಹೆಸರು, ನಡುವೆ ಒಂದು ಗಲ್ಲಿ. ನಮ್ಮಲ್ಲಿ ಹತ್ತನೇ ತರಗತಿ ಬಿಟ್ಟು ಬಂದ ಹುಡುಗ ಪ್ರೆಸ್ ಒತ್ತುವ ಮೊದಲು ಸ್ಕೇಲ್ ಇಟ್ಟು ನೋಡುತ್ತಾನೆ.

ಇದು ಸಣ್ಣ ತಪ್ಪು ಎನ್ನುವವರಿಗೆ ಒಂದು ಮಾತು. ಆ ಲೀಗ್ ನಡೆದದ್ದೇ ಬೆನ್ನ ಮೇಲಿನ ಹೆಸರುಗಳಿಂದ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಬೆನ್ನ ಮೇಲೆ ಹೆಸರು ಕಡ್ಡಾಯ ಮಾಡಿದ್ದು 1993ರಲ್ಲಿ. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲೇ ಹೆಸರು ಇತ್ತು, ಏಕೆಂದರೆ ನೋಡಲು ಬಂದವರಿಗೆ ಆಟಗಾರ ಯಾರು ಎಂದು ಹೇಳಬೇಕಿತ್ತು. ಕಾಸ್ಮಾಸ್‌ನ ತವರು ಮೈದಾನವಾದ ಜೈಂಟ್ಸ್ ಸ್ಟೇಡಿಯಂನಲ್ಲಿ ಪಕ್ಕದಲ್ಲಿ ಕುಳಿತ ಕುಟುಂಬಕ್ಕೆ ಆಫ್‌ಸೈಡ್ ಎಂದರೇನು ಎಂದು ಕಾಕಾ ವಿವರಿಸಲು ಹೋಗಿ ಸೋತನಂತೆ. ಸೋಲುವುದೂ ಸಹಜ. ಅಲ್ಲಿ ಆಫ್‌ಸೈಡ್ ನಿಯಮವೇ ಬೇರೆ. ಗೋಲಿನಿಂದ 35 ಗಜದಲ್ಲಿ ಒಂದು ಗೆರೆ ಎಳೆದು, ಅದರಾಚೆಗೆ ಮಾತ್ರ ಆಫ್‌ಸೈಡ್ ಎನ್ನುತ್ತಿದ್ದರು. ಗೆದ್ದರೆ 6 ಅಂಕ, ಅದರ ಮೇಲೆ ಗೋಲಿಗೊಂದರಂತೆ 3ರವರೆಗೆ ಬೋನಸ್ ಅಂಕ. ಬೆಳಗಾವಿಯಲ್ಲಿ ಕಲಿತ ಫುಟ್‌ಬಾಲಿನ ಲೆಕ್ಕ ಅಲ್ಲಿ ನಡೆಯಲಿಲ್ಲ. ಆದರೆ ಆ ಕುಟುಂಬದ ಚಿಕ್ಕ ಹುಡುಗಿ ಬೆನ್ನು ನೋಡಿ ಬೆಕೆನ್‌ಬಾವರ್ ಎಂದು ಅಕ್ಷರ ಕೂಡಿಸಿ ಓದಿ ಕುಣಿದಳಂತೆ. ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಅವಳಿಗೆ ಪರಿಚಯವಾದದ್ದು ಬೆನ್ನಿನಿಂದ.

1977ರ ಆಗಸ್ಟ್ 14ರಂದು ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ವಿರುದ್ಧದ ಪ್ಲೇಆಫ್ ಪಂದ್ಯಕ್ಕೆ ಬಂದವರು 77,691 ಜನ. ಕಾಸ್ಮಾಸ್ 8-3ರಿಂದ ಗೆದ್ದಿತು. ಆ ಸಂಖ್ಯೆಯನ್ನು ಕಾಕಾ ತನ್ನ ಬ್ಯಾಂಕ್ ಖಾತೆಯ ಸಂಖ್ಯೆಗಿಂತ ಚೆನ್ನಾಗಿ ನೆನಪಿಟ್ಟಿದ್ದಾನೆ. ಕಾರಣವಿದೆ. ಎರಡೇ ವರ್ಷ ಹಿಂದೆ, 1975ರ ಜೂನ್ 15ರಂದು, ಪೆಲೆ ಈ ತಂಡಕ್ಕೆ ಮೊದಲ ಬಾರಿ ಆಡಿದ್ದು ರ‍್ಯಾಂಡಲ್ಸ್ ದ್ವೀಪದ ಡೌನಿಂಗ್ ಸ್ಟೇಡಿಯಂ ಎಂಬ ಹಾಳು ಮೈದಾನದಲ್ಲಿ. ಹುಲ್ಲಿಲ್ಲದ ಕಡೆ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಎಂದು ಮಣ್ಣಿಗೆ ಹಸಿರು ಬಣ್ಣ ಸಿಂಪಡಿಸಿದ್ದರು. ಆಟ ಮುಗಿದ ಮೇಲೆ ಪಾದ ಹಸಿರಾಗಿದ್ದನ್ನು ಕಂಡ ಪೆಲೆ ಯಾವುದೋ ಚರ್ಮರೋಗ ಅಂಟಿತೆಂದು ಗಾಬರಿಯಾದರಂತೆ. ಕಾಕಾ ಆಗಿನ್ನೂ ಇಲ್ಲೇ ಇದ್ದ, ಆದರೆ ಹೇಳುವಾಗ ಪಕ್ಕದಲ್ಲಿ ನಿಂತು ನೋಡಿದವನಂತೆ ಹೇಳುತ್ತಾನೆ. ಲೇಲೆ ಮೈದಾನದ ಗುಂಪಿಗೆ ಈ ಕಥೆ ಮಾತ್ರ ಮೊದಲ ಸಲಕ್ಕೇ ಹಿಡಿಸಿತು. ಬೇಸಿಗೆಯಲ್ಲಿ ನಮ್ಮ ಮೈದಾನಗಳ ಮಣ್ಣು ನೋಡಿದವರಿಗೆ ಅದೇನು ದೊಡ್ಡ ವಿಷಯ.

ಈ ಜೆರ್ಸಿಗೆ ಬೆಳಗಾವಿಯಲ್ಲಿ ಒಬ್ಬ ಬದ್ಧ ವೈರಿ ಇದ್ದಾರೆ. ಮರಾಠಾ ರೆಜಿಮೆಂಟಿನಿಂದ ನಿವೃತ್ತರಾಗಿ ಕ್ಯಾಂಪ್ ಕಡೆ ಮನೆ ಮಾಡಿಕೊಂಡ ಸುಬೇದಾರರು. 1977ರ ಸೆಪ್ಟೆಂಬರ್ 24ರಂದು ಕಾಸ್ಮಾಸ್ ತಂಡ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿದಾಗ ಅವರು ಅಲ್ಲಿ ಗ್ಯಾಲರಿಯಲ್ಲಿದ್ದರು. ಮಳೆಯಿಂದ ನೆಂದ ಮೈದಾನ, ಕೆಸರು, ಪೆಲೆಯನ್ನು ನೋಡಲು ಬಂದ ಜನಸಾಗರ. ಶ್ಯಾಮ್ ಥಾಪಾ ಒಂದು ಗೋಲು, ಹಬೀಬ್ ಇನ್ನೊಂದು ಗೋಲು ಹೊಡೆದರು. ಪೆಲೆಯ ಫ್ರೀಕಿಕ್ ಅನ್ನು ಬಾಗಾನ್‌ನ ಗೋಲ್‌ಕೀಪರ್ ಶಿವಾಜಿ ಬ್ಯಾನರ್ಜಿ ತಡೆದರು. ಬಾಗಾನ್ ಗೆಲ್ಲುತ್ತದೆ ಎನ್ನುವಾಗ ಕಾಸ್ಮಾಸ್‌ಗೆ ಪೆನಾಲ್ಟಿ. ಹೊಡೆದವನು ಕಿನಾಲಿಯಾ. ಪಂದ್ಯ 2-2.

"ಅದು ಪೆನಾಲ್ಟಿಯೇ ಅಲ್ಲ" ಎಂದು ಸುಬೇದಾರರು ಇಂದಿಗೂ ಹೇಳುತ್ತಾರೆ. ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಕಾಕಾ ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿದ್ದ. ಊರಿನವರೆಲ್ಲ ಪೆಲೆಯನ್ನು ನೋಡಲು ಅಮೆರಿಕಕ್ಕೆ ಹೋಗಬೇಕು ಎಂದುಕೊಂಡಿದ್ದಾಗ ಪೆಲೆಯೇ ಭಾರತಕ್ಕೆ ಬಂದು ಹೋದದ್ದು ಅವನಿಗೆ ಇನ್ನೂ ನುಂಗಲಾರದ ತುತ್ತು. ಒಂದೇ ವಾರದಲ್ಲಿ, ಅಕ್ಟೋಬರ್ 1ರಂದು, ಜೈಂಟ್ಸ್ ಸ್ಟೇಡಿಯಂನಲ್ಲಿ ಪೆಲೆಯ ವಿದಾಯದ ಪಂದ್ಯ. ಅರ್ಧ ಆಟ ಕಾಸ್ಮಾಸ್ ಪರ, ಉಳಿದರ್ಧ ಬ್ರೆಜಿಲ್‌ನ ತಮ್ಮ ಹಳೆಯ ತಂಡ ಸ್ಯಾಂಟೋಸ್ ಪರ. ಅಲ್ಲಿಯೂ ಮಳೆ. ಕಾಕಾ ಆ ಮಳೆಯಲ್ಲಿ ನೆಂದವನು, ಸುಬೇದಾರರು ಈ ಮಳೆಯಲ್ಲಿ. ಇವರಿಬ್ಬರ ನಡುವೆ ಪೆಲೆಯ ಬಗ್ಗೆ ಜಗಳವಿಲ್ಲ. ಜಗಳವೆಲ್ಲ ಒಂಬತ್ತನೇ ನಂಬರಿನದು.

ಜೆರ್ಸಿ ಹಾಕಿಕೊಂಡು ಕಾಕಾ ಮೈದಾನಕ್ಕೆ ಹೋದ ಸಂಜೆ ಸುಬೇದಾರರು ಕಾಲರ್ ಮುಟ್ಟಿ ನೋಡಿದರು, ಬಟ್ಟೆ ಮೆಚ್ಚಿದರು. ಆಮೇಲೆ ಕಾಕಾನನ್ನು ಹೆಗಲು ಹಿಡಿದು ತಿರುಗಿಸಿ, "ಇವನ ಹೆಸರನ್ನು ಹೀಗೆ ಒಡೆದು ಹಾಕಿದ್ದಾರಲ್ಲ, ಒಳ್ಳೆಯದೇ ಆಯಿತು" ಎಂದರು. ಅಂಗಡಿಯ ಕೆಲಸಕ್ಕೆ ಸಿಕ್ಕ ಒಂದೇ ಒಂದು ಪೂರ್ಣ ಅಂಕ ಅದು.

ಎರಡನೆಯ ಜೆರ್ಸಿ ನನ್ನ ಆಯ್ಕೆ. ಮಗ ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಯಾರೋ ತಮಾಷೆಗೆ ಮಾಡಿದ್ದೆಂದುಕೊಂಡೆ. ನಿಜವಂತೆ. 1978ರಲ್ಲಿ ಕೊಲರಾಡೊ ಕ್ಯಾರಿಬೂಸ್ ಎಂಬ ತಂಡ ಡೆನ್ವರ್‌ನಲ್ಲಿ ಒಂದೇ ಒಂದು ಋತು ಆಡಿ, 30 ಪಂದ್ಯಗಳಲ್ಲಿ 22 ಸೋತು, ಮರುವರ್ಷ ಅಟ್ಲಾಂಟಾಕ್ಕೆ ಗಂಟುಮೂಟೆ ಕಟ್ಟಿತು. ಜನ ಅದನ್ನು ಇನ್ನೂ ನೆನೆಯುವುದು ಜೆರ್ಸಿಯ ಎದೆಗೆ ಅಡ್ಡಲಾಗಿ ಹೊಲಿದ ಚರ್ಮದ ಜಾಲರಿಗಾಗಿ. ದನ ಕಾಯುವ ಕೌಬಾಯ್ ಅಂಗಿಯಲ್ಲಿರುತ್ತದಲ್ಲ, ಅದೇ. ಆಟಗಾರ ಓಡಿದರೆ ಜಾಲರಿಯೂ ಓಡಬೇಕು. ವೃತ್ತಿಪರ ಫುಟ್‌ಬಾಲಿನಲ್ಲಿ ಯಾರೋ ಕುಳಿತು ಯೋಚಿಸಿ, ಇನ್ಯಾರೋ ಒಪ್ಪಿ, ಮತ್ತ್ಯಾರೋ ಹೊಲಿದ ವಸ್ತು ಇದು. ಹೊಲಿದವರ ಬಗ್ಗೆ ನನಗೆ ಅಪಾರ ಕನಿಕರ.

ಇಲ್ಲಿ ಅಂಗಡಿ ಕಷ್ಟಪಟ್ಟಿದೆ, ಒಪ್ಪಬೇಕು. ಜಾಲರಿ ಚರ್ಮದ್ದಲ್ಲ, ರೆಕ್ಸಿನ್. ಆದರೆ ಪಟ್ಟಿಗಳನ್ನು ಒಂದೇ ಅಗಲಕ್ಕೆ ಕತ್ತರಿಸಿದ್ದಾರೆ, ಮೇಲ್ಭಾಗವನ್ನು ಪೈಪಿಂಗ್ ಒಳಗೆ ಸೇರಿಸಿ ಎರಡು ಸಾಲು ಹೊಲಿಗೆ ಹಾಕಿದ್ದಾರೆ. ಜಗ್ಗಿ ನೋಡಿದೆ, ಕಿತ್ತು ಬರಲಿಲ್ಲ. ಒಗೆಯುವುದೇ ಫಜೀತಿ. ಮಷೀನಿಗೆ ಹಾಕಿದರೆ ಪಟ್ಟಿಗಳು ಗಂಟಾಗುತ್ತವೆ. ಒಳಗಿನ ಚೀಟಿಯಲ್ಲಿ ಇತರ ಜೆರ್ಸಿಗಳಿಗಿರುವ ಅದೇ ಸೂಚನೆ ಅಚ್ಚಾಗಿದೆ, ಇಸ್ತ್ರಿ ಮಾಡಬಹುದು ಎಂದೂ ಇದೆ. ದಯವಿಟ್ಟು ಮಾಡಬೇಡಿ. ರೆಕ್ಸಿನ್ ಇಸ್ತ್ರಿಗೆ ಅಂಟಿದರೆ ಜೆರ್ಸಿಯೂ ಹೋಯಿತು, ಇಸ್ತ್ರಿಪೆಟ್ಟಿಗೆಯೂ ಹೋಯಿತು. ತಣ್ಣೀರಿನಲ್ಲಿ ಕೈಯಲ್ಲಿ ಹಿಂಡದೆ ಒಗೆದು, ತಿರುವಿ ನೆರಳಿಗೆ ಹಾಕಿ. ಮಗ ಇದನ್ನು ಹಾಕಿಕೊಂಡು ಆರ್‌ಪಿಡಿ ಕ್ರಾಸ್‌ವರೆಗೆ ಹೋಗಿ ಬಂದ. ಯಾವ ನಾಟಕದ ಕಂಪನಿ ಎಂದು ಇಬ್ಬರು ಕೇಳಿದರಂತೆ.

ಮೂರನೆಯದು ಮಗನಿಗೆ. 1996ರ ಟ್ಯಾಂಪಾ ಬೇ ಮ್ಯೂಟಿನಿ, ನಂಬರ್ 10, ಕಾರ್ಲೋಸ್ ವಾಲ್ಡೆರಾಮಾ. ಹಳೆಯ ಲೀಗ್ 24 ತಂಡಗಳವರೆಗೆ ಉಬ್ಬಿ, ಹೊರಗಿನಿಂದ ತಂದ ಆಟಗಾರರ ಸಂಬಳಕ್ಕೆ ದುಡ್ಡು ಸುರಿದು, ಟಿವಿಯವರೂ ಕೈಬಿಟ್ಟ ಮೇಲೆ 1984ರ ಋತುವಿನೊಂದಿಗೆ ಮುಗಿದುಹೋಗಿತ್ತು. ಕಾಸ್ಮಾಸ್‌ನ ಮಾಲೀಕ ವಾರ್ನರ್ ಕಂಪನಿಗೆ ಆ ಹೊತ್ತಿಗೆ ತನ್ನ ಅಟಾರಿ ವಿಡಿಯೊ ಗೇಮ್‌ಗಳ ನಷ್ಟವೇ ತಲೆಯ ಮೇಲೆ ಬಿದ್ದಿತ್ತು. ಕಾಕಾ ಕೊನೆಯ ವರ್ಷಗಳಲ್ಲಿ ಹೋದಾಗ ಎಲ್ಲಿ ಬೇಕಾದರೂ ಕಾಲು ಚಾಚಿ ಕೂರಬಹುದಾಗಿತ್ತಂತೆ. ಇದರ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ, ನಾನೂ ಕೆದಕುವುದಿಲ್ಲ.

ಅಮೆರಿಕದ ಹೊಸ ಲೀಗ್, ಮೇಜರ್ ಲೀಗ್ ಸಾಕರ್, 1996ರ ಏಪ್ರಿಲ್ 6ರಂದು ಶುರುವಾಯಿತು. ಸ್ಯಾನ್ ಹೋಸೆಯಲ್ಲಿ ಕ್ಲ್ಯಾಶ್ ತಂಡಕ್ಕೂ ಡಿ.ಸಿ. ಯುನೈಟೆಡ್‌ಗೂ ಮೊದಲ ಪಂದ್ಯ. ಗೋಲಿಲ್ಲದೆ ಮುಗಿದರೆ ಹೊಸ ಲೀಗಿನ ಮಾನ ಹೋಗುತ್ತದೆ ಎಂದು ಎಲ್ಲರೂ ಉಗುರು ಕಚ್ಚುತ್ತಿದ್ದಾಗ 88ನೇ ನಿಮಿಷದಲ್ಲಿ ಎರಿಕ್ ವೈನಾಲ್ಡಾ ಗೋಲು ಹೊಡೆದ. ಕಾಕಾ ಟಿವಿ ಮುಂದೆ ಕುಳಿತು ನೋಡಿದ್ದು ಸಂತೋಷಕ್ಕಲ್ಲ, ತಪಾಸಣೆಗೆ. ಹಳೆಯ ಲೀಗಿನ ಯಾವ ಹುಚ್ಚು ಉಳಿದಿದೆ ಎಂದು ನೋಡುವುದು ಅವನ ಉದ್ದೇಶ. ಉಳಿದಿತ್ತು: ಸಮಬಲವಾದರೆ ಶೂಟ್‌ಔಟ್. ಆಟಗಾರ 35 ಗಜದಿಂದ ಚೆಂಡು ಹಿಡಿದು ಓಡಿ ಬಂದು, 5 ಸೆಕೆಂಡಿನೊಳಗೆ ಗೋಲ್‌ಕೀಪರನನ್ನು ದಾಟಿಸಿ ಹೊಡೆಯಬೇಕು. ಹಳೆಯ ಲೀಗ್ 1977ರಲ್ಲಿ ತಂದದ್ದನ್ನು ಹೊಸ ಲೀಗ್ 1999ರವರೆಗೆ ಇಟ್ಟುಕೊಂಡಿತು. ಜಗತ್ತೆಲ್ಲ ನಕ್ಕಿತು. ಕಾಕಾನ ಪ್ರಕಾರ ನಿಂತಲ್ಲಿಂದ ಹೊಡೆಯುವ ಪೆನಾಲ್ಟಿಗಿಂತ ಅದೇ ನ್ಯಾಯ. ಸುಬೇದಾರರೂ ತಲೆಯಾಡಿಸಿದರು. ಅಂಥ ಪೆನಾಲ್ಟಿಯ ಬಗ್ಗೆ ಅವರಿಗೆ ಅನುಭವವಿದೆ.

ಈ ಜೆರ್ಸಿಯ ಕಟಿಂಗ್ ಪೂರ್ತಿ ತಪ್ಪು. ಆ ಕಾಲದ ಚಿತ್ರಗಳನ್ನು ನೋಡಿ, ತೊಂಬತ್ತರ ದಶಕದ ಜೆರ್ಸಿ ಎಂದರೆ ದೊಗಳೆ. ತೋಳು ಮೊಣಕೈ ಮುಟ್ಟುತ್ತದೆ, ಒಳಗೆ ಇನ್ನೊಬ್ಬ ನಿಲ್ಲಬಹುದು. ಅಂಗಡಿಯವರು ಈಗಿನ ಮೈಗಂಟುವ ಪ್ಯಾಟರ್ನ್ ಮೇಲೆ ಹಳೆಯ ವಿನ್ಯಾಸವನ್ನು ಸಬ್ಲಿಮೇಷನ್ (ಬಿಸಿಯಿಂದ ಬಟ್ಟೆಗೆ ಬಣ್ಣ ಇಳಿಸುವ ಅಚ್ಚು) ಮಾಡಿ ಕೈತೊಳೆದುಕೊಂಡಿದ್ದಾರೆ. ಬಟ್ಟೆ ಉಳಿಯಿತು, ದುಡ್ಡು ಅಷ್ಟೇ ತೆಗೆದುಕೊಂಡರು. ಮೂರು ಜೆರ್ಸಿಗೂ ಒಂದೇ ಬೆಲೆ, ತಲಾ ಮೂರು ಸಾವಿರದ ಆಸುಪಾಸು, ಹೆಸರು ಮತ್ತು ನಂಬರಿಗೆ ಪ್ರತ್ಯೇಕ 600. ಕಾಸ್ಮಾಸ್ ಆ ಬೆಲೆಗೆ ಸರಿ, ಜಾಲರಿಯದ್ದು ಅಗ್ಗವೇ, ಇದು ಮಾತ್ರ ಎಂಟುನೂರಕ್ಕೆ ಮೇಲೆ ಬಾಳುವುದಿಲ್ಲ. ಮಗನಿಗೆ ಇದರ ಗೊಡವೆಯಿಲ್ಲ. ವಾಲ್ಡೆರಾಮಾನ ಹಳದಿ ಗುಂಗುರು ಕೂದಲಿಗೆ ಅವನು ಮರುಳಾದವನು. ಆ ಲೀಗಿನ ಮೊದಲ ವರ್ಷದ ಶ್ರೇಷ್ಠ ಆಟಗಾರ ಅವನೇ, 2000ದ ಋತುವಿನಲ್ಲಿ 26 ಗೋಲುಗಳಿಗೆ ಪಾಸ್ ಕೊಟ್ಟವನೂ ಅವನೇ. ಮ್ಯೂಟಿನಿ ತಂಡ ಮಾತ್ರ 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಸೇವೆಯ ಬಗ್ಗೆ. ಪೊಟ್ಟಣ ಹೇಳಿದ ದಿನಕ್ಕಿಂತ ತಡವಾಗಿ ಬಂತು, ಕೊರಿಯರ್ ಹುಡುಗ ಮೊದಲನೇ ರೈಲ್ವೆ ಗೇಟ್ ಬಳಿ ನಿಂತು ನನ್ನನ್ನೇ ಅಲ್ಲಿಗೆ ಕರೆದ. ಅದಕ್ಕೆ ಅಂಗಡಿಯನ್ನು ದೂರುವುದಿಲ್ಲ. ನಂಬರ್ ಬಗ್ಗೆ ಫೋಟೊ ಸಮೇತ ಬರೆದೆ. ಉತ್ತರ ಮರುದಿನವೇ ಬಂತು, ವಿನಯವಾಗಿತ್ತು, ಪ್ರಯೋಜನವಿರಲಿಲ್ಲ: ಹೆಸರು ಹಾಕಿಸಿದ ಜೆರ್ಸಿಯನ್ನು ವಾಪಸ್ ಪಡೆಯುವುದಿಲ್ಲ. ಜಾಹೀರಾತಿನಲ್ಲಿ ಹೊಲಿದ ಅಂಕಿ ಇದೆಯಲ್ಲ ಎಂದು ಕೇಳಿದ್ದಕ್ಕೆ "ಚಿತ್ರ ಸೂಚಕ ಮಾತ್ರ" ಎಂದರು. ಸೂಚಿಸಿದ್ದೇನು ಎಂದು ಕೇಳಬೇಕೆನಿಸಿತು, ಬಿಟ್ಟೆ.

ಕೊನೆಗೆ ನನ್ನ ಟೇಬಲ್ಲಿಗೇ ಬಂತು. ಹೀಟ್ ಪ್ರೆಸ್ ಹಾಳೆಯನ್ನು ಬಿಸಿ ಮಾಡಿ ಮೂಲೆಯಿಂದ ನಿಧಾನವಾಗಿ ಕಿತ್ತೆ. ಬಟ್ಟೆ ಒಳ್ಳೆಯದಿದ್ದುದರಿಂದ ಕಲೆ ಉಳಿಯಲಿಲ್ಲ. ಹಸಿರು ಟ್ವಿಲ್ ತಂದು, ಅಕ್ಷರಗಳನ್ನು ಮೊದಲು ಕಾಗದದಲ್ಲಿ ಕತ್ತರಿಸಿ ಬೆನ್ನ ಮೇಲೆ ಹರಡಿ, ಎರಡೂ ಐಗಳನ್ನು ಪಕ್ಕದವುಗಳ ಹತ್ತಿರ ಸರಿಸಿ, ಆಮೇಲೆ ಝಿಗ್‌ಜಾಗ್ ಹಾಕಿದೆ. ಈಗ ದೂರದಿಂದ ನೋಡಿದರೂ ಒಂದೇ ಹೆಸರು. ಸುಬೇದಾರರಿಗೆ ಮಾತ್ರ ಇದು ಸುತರಾಂ ಇಷ್ಟವಾಗಲಿಲ್ಲ. ಬಾಗಾನ್‌ನ ಹಸಿರು-ಕಂದುಗೆಂಪು ಪಟ್ಟಿಯ ಜೆರ್ಸಿಯನ್ನು ಹಬೀಬ್‌ನ ಹೆಸರಿನಲ್ಲಿ ಹೊಲಿದುಕೊಡಲು ಹೇಳಿ ಮುಂಗಡ ಕೊಟ್ಟು ಹೋಗಿದ್ದಾರೆ.

ಕೊಳ್ಳುವವರಿಗೆ ಹೇಳುವುದಿಷ್ಟೇ. ಎಪ್ಪತ್ತರ ದಶಕದವು ಬೇಕಿದ್ದರೆ ಈ ಅಂಗಡಿಗೆ ಧಾರಾಳವಾಗಿ ಹೋಗಿ, ತೊಂಬತ್ತರವು ಬೇಕಿದ್ದರೆ ಎರಡು ಸೈಜ್ ದೊಡ್ಡದು ತೆಗೆದುಕೊಳ್ಳಿ, ಬೆನ್ನು ಖಾಲಿ ಬಿಡಿಸಿ ಊರಿನ ಟೇಲರ್ ಕೈಯಲ್ಲಿ ಹಾಕಿಸಿ. ಕಾಕಾ ಈಗ ಟ್ಯಾಂಪಾ ಬೇ ರೌಡೀಸ್‌ನ ಹಸಿರು-ಹಳದಿ ಪಟ್ಟೆಯದನ್ನು ಕೇಳಿದ್ದಾನೆ, ಬೆನ್ನಿಗೆ ಇಂಗ್ಲೆಂಡಿನ ರಾಡ್ನಿ ಮಾರ್ಷ್ ಹೆಸರು ನಾನೇ ಹಾಕಬೇಕಂತೆ. ಖಾಲಿ ಬೆನ್ನಿನದೇ ಬೇಕೆಂದು ಸ್ಪಷ್ಟವಾಗಿ ಬರೆದು ಆರ್ಡರ್ ಕೊಟ್ಟೆ. ಬಿಲ್ಲಿನಲ್ಲಿ ನಂಬರಿನ 600 ರೂಪಾಯಿ ಹಾಗೆಯೇ ಇತ್ತು. ತೆಗೆಸಲು ಎರಡು ಸಲ ಫೋನ್ ಮಾಡಬೇಕಾಯಿತು.